ಕತ್ತಲಲ್ಲಿ ಕಡಿಮೆಯಾದದ್ದು

ಪರವಾಡದ ಕಡೆಯ ಔಷಧ ಕಾರ್ಖಾನೆಯೊಂದರ ಕೊಳಕು ನೀರಿಗೆ ಬಿಳಿ ಪುಡಿ ಬೆರೆಸಿ, ಬೆಳಕು ಹಾಯಿಸಿ, ಅದರಲ್ಲಿ ಉಳಿದ ಔಷಧ ಎಷ್ಟು ಬೇಗ ಒಡೆಯುತ್ತದೆಂದು ಲೆಕ್ಕ ಕಟ್ಟುವುದು ವಿಶಾಖಪಟ್ಟಣದಲ್ಲಿ ನನ್ನ ಕೆಲಸ. ಆ ವೇಗ ನೋಡಿಯೇ ಕಾರ್ಖಾನೆಯವರು ತೊಟ್ಟಿ ಕಟ್ಟುವವರಿದ್ದರು.

ಈ ಪುಡಿಗೊಂದು ಚಾಳಿಯಿದೆ. ದೀಪ ಹಚ್ಚುವ ಮೊದಲೇ ಒಂದಷ್ಟು ಔಷಧವನ್ನು ಮೈಗೆ ಅಂಟಿಸಿಕೊಂಡುಬಿಡುತ್ತದೆ. ಅದಕ್ಕೇ ಮೊದಲು ಕತ್ತಲಲ್ಲಿ ಕಲಕಬೇಕು. ಅಂಟುವುದೆಲ್ಲ ಅಂಟಿದ ಮೇಲೆ ದೀಪ ಹಚ್ಚಿ, ಅಲ್ಲಿಂದ ಲೆಕ್ಕ ಹಿಡಿಯಬೇಕು. ಈ ಪಾಠ ಕಲಿಸಿದವರು ನನ್ನ ಪಿಎಚ್.ಡಿ. ಗೈಡ್, ಮೈಸೂರಿನವರು. ಭಾನುವಾರ ಪೆಂಡುರ್ತಿಯ ಅವರ ಮನೆಯಲ್ಲೇ ನನ್ನ ಊಟ. "ಧಾರವಾಡದೋಳು ಕಣೇ, ಅವಳಿಗೆ ಖಾರ ಸಾಲಲ್ಲ" ಎಂದು ಹೆಂಡತಿಯನ್ನು ಕೂಗಿ ಚಟ್ನಿಪುಡಿ ತರಿಸುತ್ತಿದ್ದರು.

ಕಾರ್ಖಾನೆಯವರು ವಿಜಯವಾಡದಲ್ಲಿ ಕರೆದಿದ್ದ ಸಭೆಗೆ ಇಬ್ಬರೂ ಹೊರಟಾಗ, ರೈಲಿನಲ್ಲಿ ಗೈಡ್ ತಾವು ತಯಾರಿಸಿದ್ದ ಗ್ರಾಫ್ ತೋರಿಸಿದರು. ಕತ್ತಲಲ್ಲಿ ಅಂಟಿದ್ದನ್ನೂ ಬೆಳಕಿನ ಕೆಲಸವೆಂದು ಸೇರಿಸಿ, ವೇಗವನ್ನು ಹೆಚ್ಚಿಸಿ ತೋರಿಸಿದ್ದರು. ಆ ವೇಗ ನಂಬಿ ಕಟ್ಟಿದ್ದರೆ ತೊಟ್ಟಿ ಸಾಲದೆ ಹೋಗಿ, ಔಷಧ ಒಡೆಯದ ನೀರು ಹೊರಗೆ ಹರಿಯುತ್ತಿತ್ತು.

"ಸರ್, ಕತ್ತಲದಾಗ ಕಡಿಮಿ ಆಗಿದ್ದನ್ನ ಬೆಳಕಿನ ಲೆಕ್ಕಕ್ಕ ಹ್ಯಾಂಗ ಹಚ್ಚೋದ್ರೀ?" ಎಂದೆ.

"ಗೆರೆ ನೆಟ್ಟಗೆ ಬಂದಿದ್ಯಲ್ಲಮ್ಮಾ, ಸುಮ್ನಿರು. ಈ ಪ್ರಾಜೆಕ್ಟ್ ಹೋದ್ರೆ ನಿನ್ ಫೆಲೋಶಿಪ್ಪೂ ಹೋಗುತ್ತೆ. ನಿನ್ ಒಳ್ಳೇದಕ್ಕೇ ಹೇಳ್ತಿರೋದು."

ನೆಟ್ಟಗಿನ ಗೆರೆ ಕಂಡರೆ ನಮ್ಮ ಲ್ಯಾಬಿನ ಮಂದಿಗೆ ದೇವರು ಕಂಡಷ್ಟು ಖುಷಿ. ಆದರೆ ಅವರು ನನ್ನ ಒಳ್ಳೆಯದನ್ನೇ ಬಯಸಿದ್ದು ನಿಜ, ಅದೇ ನನ್ನನ್ನು ಹಿಂಡಿತು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಕೇಳುತ್ತಲೇ ಬೆಳೆದವಳು ನಾನು. ಬಾಯಿ ಮುಚ್ಚಿಕೊಂಡಿರುವುದೆಂದು ನಿಶ್ಚಯಿಸಿಯೇ ಸಭೆಗೆ ಹೋದೆ.

ಅಲ್ಲಿ ಕಾರ್ಖಾನೆಯ ಎಂಜಿನಿಯರೊಬ್ಬರು ಗೈಡನ್ನು ಬಿಟ್ಟು ನನ್ನತ್ತ ತಿರುಗಿದರು. ಪ್ರಯೋಗ ಮಾಡಿದವರು ನೀವಲ್ಲವೇ, ಈ ವೇಗವನ್ನು ನಂಬಬಹುದೇ ಎಂದು ತೆಲುಗಿನಲ್ಲಿ ಕೇಳಿದರು.

"ಇಲ್ಲ" ಎಂದುಬಿಟ್ಟೆ. ಯಾಕೆಂದೂ ವಿವರಿಸಿದೆ. ಮತ್ತೆ ಮೊದಲಿನಿಂದ ಅಳೆದು ತನ್ನಿ, ಆಮೇಲೆ ನೋಡೋಣ ಎಂದು ಕಾರ್ಖಾನೆಯವರು ಸಭೆ ಮುಗಿಸಿದರು.

ವಾಪಸು ಬರುವಾಗ ಅವರು ಬೈಯಲಿ ಎಂದು ಕಾದೆ. ಬೈದಿದ್ದರೆ ನನ್ನ ಸಂಕಟ ಅರ್ಧ ಇಳಿಯುತ್ತಿತ್ತು. ಗೋದಾವರಿ ದಾಟಿದ ಮೇಲೆ ಟೀ ಮಾರುವವನು ಬಂದ. ಅವನನ್ನು ನಿಲ್ಲಿಸಿ, ನನ್ನ ಕಡೆ ನೋಡದೆ ಕೇಳಿದರು: "ನೀವು ಟೀ ತಗೊಳ್ತೀರಾ, ಮೇಡಂ?"