ಆರಿಂಚಿನ ಹಲಗೆ ಇಪ್ಪತ್ತು

ಮಿಲ್ಲಿನಲ್ಲಿ ಎಲ್ಲರೂ ಆಕೆಯನ್ನು ಅಚ್ಚಕ್ಕ ಎಂದೇ ಕರೆಯುತ್ತಿದ್ದರು. ಹಲಗೆಗಳ ಮೇಲೆ ಅಚ್ಚು ಹಾಕುವ ಅಕ್ಕ, ಅದಕ್ಕೆ ಅಚ್ಚಕ್ಕ. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಕೀಸುವ ಯಂತ್ರದ ಬಾಯಿಂದ ಹಲಗೆಗಳು ಬೆಚ್ಚಗೆ, ನುಣ್ಣಗೆ ಹೊರಬಂದು ಉರುಳೆಗಳ ಮೇಲೆ ಜಾರಿ ಆಕೆಯ ಮುಂದೆ ನಿಲ್ಲುತ್ತಿದ್ದವು. ತಗಡಿನ ಅಚ್ಚನ್ನು ತುದಿಗೆ ಒತ್ತಿ, ಕೆಂಪು ಬಣ್ಣದ ಕುಂಚವನ್ನು ಒಮ್ಮೆ ಎಳೆದರೆ ಮುಗಿಯಿತು. ಮಿಲ್ಲಿನ ನಂಬರು, ಮರದ ಜಾತಿ, ದರ್ಜೆ, ಒಣಗಿದ್ದೋ ಹಸಿಯೋ, ಕೊನೆಗೆ ಅಳತೆ: ಎರಡು-ನಾಲ್ಕು, ಒಂದು-ಆರು, ಎರಡು-ಎಂಟು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಕೈ ತಾನಾಗಿ ಓಡುತ್ತಿತ್ತು. ಮನಸ್ಸು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು, ಹೋಗುತ್ತಲೂ ಇತ್ತು.

ಇಷ್ಟು ಹೇಳಿದ ಮೇಲೆ ಒಂದು ಗುಟ್ಟನ್ನೂ ಹೇಳಿಬಿಡಬೇಕು. ಗುಟ್ಟೇನು ಬಂತು, ಮರದ ಕಸುಬಿನವರಿಗೆಲ್ಲ ಗೊತ್ತಿರುವುದೇ. ಎರಡು-ನಾಲ್ಕು ಎಂದು ಅಚ್ಚು ಬಿದ್ದ ತುಂಡು ಎರಡಿಂಚು ದಪ್ಪವೂ ಇರುವುದಿಲ್ಲ, ನಾಲ್ಕಿಂಚು ಅಗಲವೂ ಇರುವುದಿಲ್ಲ. ಒಂದೂವರೆಗೆ ಮೂರೂವರೆ ಇರುತ್ತದೆ. ಆರು ಎಂದರೆ ಐದೂವರೆ. ದಿಮ್ಮಿಯಿಂದ ಸೀಳಿದ ದಿನ ಅದು ಹಸಿ, ಒರಟು, ಹೇಳಿದಷ್ಟೇ ಅಳತೆ. ಒಣಗಿಸುವ ಕೋಣೆಯಲ್ಲಿ ನೀರು ಆರಿ ಒಂದಿಷ್ಟು ಕುಗ್ಗುತ್ತದೆ, ಕೀಸುವ ಯಂತ್ರದಲ್ಲಿ ಚಕ್ಕೆಯಾಗಿ ಇನ್ನೊಂದಿಷ್ಟು ಹೋಗುತ್ತದೆ. ಹೆಸರು ಮಾತ್ರ ಹಸಿಯಿದ್ದಾಗಿನದೇ ಉಳಿಯುತ್ತದೆ. ಹೊಸ ಗಿರಾಕಿ ಯಾರಾದರೂ ಟೇಪು ಹಿಡಿದು, ಮೋಸ ಹೋದೆನೆಂದು ಮುಖ ಕೆಂಪಗೆ ಮಾಡಿಕೊಂಡು ಬಂದರೆ, ಅಚ್ಚಕ್ಕ ಮಾತೇ ಆಡದೆ ಗುಮಾಸ್ತನ ಕಡೆ ಬೆರಳು ತೋರಿಸುತ್ತಿದ್ದಳು. ಗುಮಾಸ್ತನನ್ನು ಊರೆಲ್ಲ ಗುಂಡ ಎನ್ನುತ್ತಿತ್ತು. ಆಸಾಮಿ ಕಡ್ಡಿಯ ಹಾಗಿದ್ದ. ಹುಟ್ಟಿದಾಗ ಗುಂಡುಗುಂಡಗೆ ಇದ್ದನಂತೆ. ಗಿರಾಕಿಗೆ ಅರ್ಥವಾಗಿ, ನಕ್ಕು, ಹಲಗೆ ಹೊತ್ತುಕೊಂಡು ಹೋಗುತ್ತಿದ್ದ.

ಆ ಹೋದ ಅರ್ಧರ್ಧ ಇಂಚು ಎಲ್ಲಿಗೆ ಹೋಯಿತು ಎಂಬುದು ಮಾತ್ರ ಅಚ್ಚಕ್ಕನಿಗೆ ಬಗೆಹರಿದಿರಲಿಲ್ಲ. ಅರ್ಧ ಆವಿಯಾಯಿತು, ಅರ್ಧ ಹೊಟ್ಟಾಯಿತು ಎಂದು ಗುಂಡ ಹೇಳಿದ್ದ. ಅದು ಗುಂಡನ ಮಟ್ಟಿಗೆ ಸರಿ. ಅಚ್ಚಕ್ಕ ಮಾತ್ರ ಕುಂಚ ಎಳೆಯುತ್ತ ಎಳೆಯುತ್ತ, ಕಳೆದುಹೋದ ಅರ್ಧ ಇಂಚುಗಳನ್ನೆಲ್ಲ ಒಂದೊಂದಾಗಿ ಜೋಡಿಸಿ, ಮನಸ್ಸಿನಲ್ಲೇ ಒಂದು ಮನೆ ಕಟ್ಟಿದ್ದಳು. ಇಪ್ಪತ್ತಾರು ವರ್ಷದ ಅರ್ಧ ಇಂಚುಗಳು ಎಂದರೆ ಕಡಿಮೆಯೇ? ದೊಡ್ಡ ಮನೆಯೇ ಆಗಿತ್ತು. ಅದರ ನೆಲ ಕಾಲಿಟ್ಟರೆ ಮೆತ್ತಗೆ ಕುಗ್ಗಿ ಮತ್ತೆ ಏಳುತ್ತಿತ್ತು. ಕೋಣೆಗಳು ಒಂದರಿಂದ ಇನ್ನೊಂದಕ್ಕೆ ತೆರೆದುಕೊಳ್ಳುತ್ತ ಹೋಗುತ್ತಿದ್ದವು, ಗೋಡೆಗಳಿಂದ ಹಸಿ ಮರದ ವಾಸನೆ ಬರುತ್ತಿತ್ತು, ಎಲ್ಲಿಂದಲೋ ಜೇನಿನ ಬಣ್ಣದ ಬೆಳಕು ಬೀಳುತ್ತಿತ್ತು. ಮಿಲ್ಲಿನ ಸದ್ದಿನ ನಡುವೆ ಆಕೆ ಆ ಮನೆಯಲ್ಲಿ ಸದ್ದಿಲ್ಲದೆ ಓಡಾಡಿಕೊಂಡಿರುತ್ತಿದ್ದಳು. ಊಟದ ಗಂಟೆ ಹೊಡೆದರೂ ಕೇಳಿಸುತ್ತಿರಲಿಲ್ಲ, ಯಾರಾದರೂ ಭುಜ ಮುಟ್ಟಿ ಕರೆಯಬೇಕಿತ್ತು.

ನಿಜವಾದ ಮನೆ ಎಂದರೆ ಒಂದು ಔಷಧದ ಅಂಗಡಿಯ ಮೇಲಿನ, ಎರಡು ತುದಿಗೂ ಬಾಗಿಲಿದ್ದ ಉದ್ದನೆಯ ಒಂದೇ ಕೋಣೆ. ಅಲ್ಲಿ ಅಚ್ಚಕ್ಕ, ಆಕೆಯ ತಂಗಿ, ತಾಯಿ ಮೂವರೂ ಇದ್ದರು. ಅಚ್ಚಕ್ಕನ ಗಂಡ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು. ತಂಗಿ ಮದುವೆಯ ಗೋಜಿಗೇ ಹೋದವಳಲ್ಲ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಬೀದಿಗೆಲ್ಲ ಬಟ್ಟೆ ಹೊಲಿಯುತ್ತಿದ್ದಳು. ಅಕ್ಕ ಎಷ್ಟು ಕನಸಿನವಳೋ ತಂಗಿ ಅಷ್ಟೇ ಕರಾರುವಾಕ್ಕು. ಕಾಲಿಂಚು ಹೆಚ್ಚುಕಡಿಮೆಯಾದರೆ ಇಡೀ ಹೊಲಿಗೆ ಬಿಚ್ಚಿ ಮತ್ತೆ ಹಾಕುವವಳು. ಅಕ್ಕನ ಮಿಲ್ಲಿನ ಅಳತೆಯ ಮಾತು ಬಂದರೆ ಮೂಗು ಮುರಿಯುತ್ತಿದ್ದಳು. ಆರು ಎಂದು ಹೇಳಿ ಐದೂವರೆ ಕೊಡುವುದು ಯಾವ ಸೀಮೆಯ ಕಸುಬು ಎನ್ನುತ್ತಿದ್ದಳು.

ತಾಯಿ ಮೂರು ವರ್ಷ ಹಾಸಿಗೆ ಹಿಡಿದಾಗ ನೋಡಿಕೊಂಡವಳು ಈ ತಂಗಿಯೇ. ಅಕ್ಕ ಬೆಳಿಗ್ಗೆ ಹೋದರೆ ಸಂಜೆಗೆ ಬರುವವಳು. ತಂಗಿ ಗಂಜಿಯನ್ನು ಚಮಚದಲ್ಲಿ ಅಳೆದು ಕೊಡುತ್ತಿದ್ದಳು, ಗಡಿಯಾರ ನೋಡಿ ಮಾತ್ರೆ ನುಂಗಿಸುತ್ತಿದ್ದಳು, ಎಲ್ಲವನ್ನೂ ಒಂದು ಹಾಳೆಯಲ್ಲಿ ಗೀಟು ಹಾಕಿ ಬರೆದಿಡುತ್ತಿದ್ದಳು. ತಾಯಿಗೆ ಕಣ್ಣು ಮಂಜಾಗಿತ್ತು, ಜಂಬ ಮಾತ್ರ ಮಂಜಾಗಿರಲಿಲ್ಲ. ಹೊಸ ಅಂಗಿ ತೊಟ್ಟಾಗಲೆಲ್ಲ ಕೊರಳಪಟ್ಟಿಯಲ್ಲಿ ಹೊಲಿದ ಎದೆಸುತ್ತಿನ ಅಂಕಿ ಎಷ್ಟೆಂದು ಕೇಳುತ್ತಿದ್ದಳು. ಮೂವತ್ತೆಂಟು ಎಂದು ತಂಗಿ ಓದಿ ಹೇಳಿದರೆ, ನೋಡಲು ಬಂದವರ ಮುಂದೆ ಕತ್ತು ಎತ್ತಿ, ಮದುವೆಯಾದಾಗಿನಿಂದ ತನ್ನದು ಅದೇ ಅಳತೆ, ಒಂದು ಕೂದಲೆಳೆಯಷ್ಟೂ ಇಳಿದಿಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದಳು. ದುಪ್ಪಟಿ ಹೊದ್ದು ಮಲಗಿದವಳನ್ನು ಸಂಜೆಯ ಬೆಳಕಿನಲ್ಲಿ ನೋಡುತ್ತಿದ್ದ ಅಚ್ಚಕ್ಕನೂ ಅದನ್ನು ನಂಬಿದ್ದಳು. ಅಂಥ ತಾಯಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಹೋಗಿಬಿಟ್ಟಳು ಎಂದೇ ಆಕೆಗೆ ಅನ್ನಿಸಿತ್ತು.

ತಾಯಿ ಹೋದ ಮೂರನೆಯ ತಿಂಗಳು ತಂಗಿ ಆ ಗೀಟು ಹಾಕಿದ ಹಾಳೆಗಳನ್ನು ಅಂಚಿಗೆ ಅಂಚು ಸೇರಿಸಿ ಮಡಚುತ್ತಿದ್ದಳು. ಅದನ್ನು ನೋಡಿದ್ದೇ ಅಚ್ಚಕ್ಕನಿಗೆ ಏನಾಯಿತೋ, ಎಂದೂ ದನಿ ಎತ್ತದವಳು ಬಾಯಿಬಿಟ್ಟಳು.

“ನೀನು ಅಮ್ಮನ್ನ ಪ್ರೀತಿಯಿಂದ ನೋಡ್ಕೊಳ್ಳಲಿಲ್ಲ ಕಣೇ. ಅಳತೆಯಿಂದ ನೋಡ್ಕೊಂಡೆ.”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಪ್ರಯೋಜನವಿರಲಿಲ್ಲ. ತಂಗಿ ಒಂದು ಮಾತೂ ಆಡಲಿಲ್ಲ, ಅಂದು ಆಡಲಿಲ್ಲ, ಮರುದಿನವೂ ಆಡಲಿಲ್ಲ. ಐದು ತಿಂಗಳು ಆ ಉದ್ದ ಕೋಣೆಯಲ್ಲಿ ಹೊಲಿಗೆ ಯಂತ್ರ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕೊನೆಗೊಂದು ದಿನ ಅಕ್ಕನ ದಿಂಬಿನ ಮೇಲೆ ಒಂದು ಚೀಟಿ ಇತ್ತು. ಕೋಣೆಯ ನಡುವೆ ಅಡ್ಡಗೋಡೆ ಹಾಕಿಸು, ಇಬ್ಬರಿಗೂ ನೆಮ್ಮದಿ, ಅಗಲ ನೂರಿಪ್ಪತ್ತು ಇಂಚು ಎಂದು ಬರೆದಿತ್ತು. ಮಿಲ್ಲಿನಲ್ಲಿ ಆ ಚೀಟಿ ಹಿಡಿದುಕೊಂಡು ಅಚ್ಚಕ್ಕ ಬಹಳ ಹೊತ್ತು ನಿಂತಿದ್ದಳು. ಒಂದು ಗೋಡೆ ಎದ್ದರೆ ಇರುವ ಒಬ್ಬ ತಂಗಿಯೂ ಕೈಬಿಟ್ಟುಹೋಗುತ್ತಾಳೆ ಎಂಬುದು ಆಕೆಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಕಣ್ಣು ತುಂಬಿ ಅಂಕಿಗಳು ಕಲಸಿಹೋದವು. ನೂರಿಪ್ಪತ್ತನ್ನು ಆರರಿಂದ ಭಾಗಿಸಿ, ಒಂದು-ಆರರ ಹಲಗೆ ಇಪ್ಪತ್ತು ಎಂದು ಗುಂಡನಿಗೆ ಹೇಳಿದಳು.

ಗೊತ್ತಾಯಿತಲ್ಲ? ಸಾವಿರ ಗಿರಾಕಿಗಳಿಗೆ ಗುಂಡನ ಕಡೆ ಬೆರಳು ತೋರಿಸಿದವಳು ತನ್ನ ಕೈಯಾರೆ ಹಾಕಿದ ಅಚ್ಚನ್ನು ತಾನೇ ನಂಬಿ ಬೆಪ್ಪಾದಳು.

ಭಾನುವಾರ ಮಿಲ್ಲಿನ ಬಡಗಿ ಬಂದ. ಒಳಗೋಡೆಯಿಂದ ಶುರುಮಾಡಿ ಹಲಗೆಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ಹೊಡೆಯುತ್ತ ಬಂದ. ಅಕ್ಕ ಈಚೆ ಕೂತು, ತಂಗಿಯ ಕಡೆಯ ಬೆಳಕು ಐದೂವರೆ ಐದೂವರೆ ಇಂಚು ಕಡಿಮೆಯಾಗುವುದನ್ನು ನೋಡುತ್ತಿದ್ದಳು. ಮೊದಲು ತಾಯಿಯ ಮಂಚವಿದ್ದ ಜಾಗ ಮರೆಯಾಯಿತು, ಆಮೇಲೆ ಬಟ್ಟೆಯ ರಾಶಿ, ಆಮೇಲೆ ತಂಗಿಯ ಬಾಗಿದ ಬೆನ್ನು. ಇಪ್ಪತ್ತನೆಯ ಹಲಗೆ ಹೊಡೆದಾಗ ಕಿಟಕಿಯಿದ್ದ ಗೋಡೆಗೂ ಹಲಗೆಗೂ ನಡುವೆ ಹತ್ತಿಂಚಿನ ಸಂದು ಉಳಿದಿತ್ತು. ಬಡಗಿ ಮೊದಲು ಸಂದು ನೋಡಿದ, ಆಮೇಲೆ ಅಚ್ಚಕ್ಕನ ಮುಖ ನೋಡಿದ, ಆಮೇಲೆ ಸುತ್ತಿಗೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಮಾತು ಮಿಲ್ಲಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ ಎಂದ.

ತಂಗಿ ನಗಲಿಲ್ಲ. ಅಕ್ಕನ ಜೊತೆ ಮಾತು ಬಿಟ್ಟಿದ್ದರಿಂದ ಬಡಗಿಯ ಕಡೆ ತಿರುಗಿದಳು. ಇನ್ನೆರಡು ಹಲಗೆ ತಂದು ಮುಂದಿನ ಭಾನುವಾರ ಮುಚ್ಚಿಬಿಡಬೇಕಂತೆ, ಅಲ್ಲಿಯವರೆಗೆ ನಿಮ್ಮ ಕಡೆಯಿಂದ ಏನಾದರೂ ಪರದೆ ಹಾಕಿಕೊಳ್ಳಬೇಕಂತೆ ಎಂದು, ಎರಡು ಗೇಣು ದೂರದಲ್ಲಿ ನಿಂತಿದ್ದ ಅಕ್ಕನಿಗೆ ಬಡಗಿಯ ಬಾಯಲ್ಲಿ ಹೇಳಿಸಿದಳು.

ಬಡಗಿ ಹೋದ ಮೇಲೆ ಅಚ್ಚಕ್ಕ ಪರದೆಗೊಂದು ಹಳೆಯ ದುಪ್ಪಟಿ ಸಿಗಬಹುದೆಂದು ತಾಯಿಯ ಟ್ರಂಕು ತೆರೆದಳು. ಗೋಡೆಗೆಂದು ಸಾಮಾನು ಪಾಲು ಮಾಡಿಕೊಂಡಾಗ ಆ ಟ್ರಂಕು ಆಕೆಯ ಕಡೆ ಬಂದಿತ್ತು, ಮುಟ್ಟಲು ಮನಸ್ಸಾಗಿರಲಿಲ್ಲ. ದುಪ್ಪಟಿಯ ಕೆಳಗೆ ತಾಯಿಯ ಐದು ಮನೆ ಅಂಗಿಗಳಿದ್ದವು. ಒಂದೊಂದನ್ನೇ ತೆಗೆದು ಹಾಸಿಗೆಯ ಮೇಲೆ ಹರಡಿದಳು. ಐದಕ್ಕೂ ಕೊರಳಪಟ್ಟಿಯಲ್ಲಿ ತಂಗಿಯ ಕೈಯ ಕೆಂಪು ದಾರದಲ್ಲಿ ಮೂವತ್ತೆಂಟು ಎಂದಿತ್ತು. ಎರಡನೆಯದನ್ನು ಮೊದಲನೆಯದರ ಮೇಲೆ ಇಟ್ಟಾಗ ಕೆಳಗಿನದರ ಅಂಚು ಎರಡೂ ಕಡೆ ಕಂಡಿತು. ಮೂರನೆಯದನ್ನು ಇಟ್ಟಾಗ ಎರಡನೆಯದರ ಅಂಚು ಕಂಡಿತು. ಉಳಿದೆರಡನ್ನೂ ಇಟ್ಟು ನೋಡಿದಳು. ಇಪ್ಪತ್ತಾರು ವರ್ಷ ಅಚ್ಚು ಹಾಕಿದವಳಿಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಂದಿನ ಹತ್ತಿರ ಹೋಗಿ ನಿಂತಳು. ಐದು ತಿಂಗಳ ಮೇಲೆ ಬಾಯಿ ತೆರೆದಳು.

“ಟೇಪು ಕೊಡ್ತೀಯಾ?”

ಆಚೆ ಯಂತ್ರ ನಿಂತಿತು. ಸಂದಿನಿಂದ ಒಂದು ಕೈ, ಕೈಯಲ್ಲಿ ಸುತ್ತಿಟ್ಟ ಟೇಪು ಬಂತು. ಅಚ್ಚಕ್ಕ ಕಂಕುಳಿಂದ ಕಂಕುಳಿಗೆ ಅಳೆದಳು. ಮೊದಲ ಅಂಗಿ ಇಪ್ಪತ್ತೊಂದು ಇಂಚು, ಮೂವತ್ತೆಂಟರ ಮೈಗೆ ಸಡಿಲವಾಗಿ ಕೂರುವಷ್ಟು. ಆಮೇಲಿನದು ಇಪ್ಪತ್ತು, ಆಮೇಲೆ ಹತ್ತೊಂಬತ್ತು ಕೂಡ ಇಲ್ಲ. ಕೊನೆಯದು ಹದಿನಾರೂವರೆ. ಸಂಜೆ ಬೆಳಕು ಸಂದಿನಿಂದ ಉದ್ದಕ್ಕೆ ಬಂದು ಆ ಪುಟ್ಟ ಅಂಗಿಯ ಮೇಲೆ ಬಿದ್ದಿತ್ತು. ಆ ಬೆಳಕಿನಲ್ಲಿ ಅಚ್ಚಕ್ಕನಿಗೆ ತನ್ನ ಅರ್ಧ ಇಂಚುಗಳ ಮನೆ ಕಂಡಿತು. ಒಳಗಿನ ಕೋಣೆಯಲ್ಲಿ ತಾಯಿ ಮೂವತ್ತೆಂಟರ ಮೈ ತುಂಬಿಕೊಂಡು, ಕತ್ತು ಎತ್ತಿ ಕೂತಿದ್ದಳು. ಅವಳಿಂದ ಹೋದ ಇಂಚುಗಳೆಲ್ಲ ಅಲ್ಲಿ ಹೋಗಿ ಸೇರಿದ್ದವು. ಅಚ್ಚಕ್ಕ ಅಂಗಿಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಅದನ್ನು ಹಿಡಿದುಕೊಂಡೇ ಸಂದಿನ ಬಳಿ ಬಂದಳು.

“ಇದಕ್ಕೂ ಮೂವತ್ತೆಂಟು ಅಂತಲೇ ಹಾಕಿದೀಯಲ್ಲೇ.”

ಆಚೆ ತಂಗಿ ಕತ್ತರಿ ಕೆಳಗಿಟ್ಟಳು.

“ಅಮ್ಮ ದಿನಾ ಕೇಳ್ತಿದ್ದಳು ಅಕ್ಕಾ, ಇಳಿದಿದೀನಾ ಅಂತ. ಚಮಚದಲ್ಲಿ ಅಳೆದಳೆದು ತಿನ್ನಿಸಿದೆ, ನಿಲ್ಲಲಿಲ್ಲ. ಪ್ರತಿ ಸಲ ರಾಶಿ ಬಟ್ಟೆಯ ಕೆಳಗೆ ಮುಚ್ಚಿಟ್ಟುಕೊಂಡು ಸಣ್ಣದಾಗಿ ಹೊಲೀತಿದ್ದೆ. ನಿನಗೂ ಹೇಳಲಿಲ್ಲ. ಹೇಳಿದ್ರೆ ನೀನು ಅಳ್ತಿದ್ದೆ, ಅವಳಿಗೆ ಗೊತ್ತಾಗ್ತಿತ್ತು.”

“ನಾನು ಆಡಿದ ಮಾತು ತಪ್ಪು ಕಣೇ. ದೊಡ್ಡ ತಪ್ಪು.”

ಆಚೆ ಮೂಗು ಒರೆಸಿಕೊಂಡ ಸದ್ದಾಯಿತು. ಹಲಗೆ ಎರಡು ತಂದುಬಿಡು ಎಂದಷ್ಟೇ ಹೇಳಿ ತಂಗಿ ಮತ್ತೆ ಯಂತ್ರ ತುಳಿಯತೊಡಗಿದಳು.

ತಪ್ಪೊಪ್ಪಿಕೊಂಡರೂ ಸಂದು ಮುಚ್ಚಲೇಬೇಕು ಎಂದಾದರೆ ಯಾರು ಏನು ಮಾಡಲಾದೀತು? ಆ ವಾರ ಪೂರ್ತಿ ಅಚ್ಚಕ್ಕ ಕನಸಿನ ಮನೆಗೆ ಹೋಗಲಿಲ್ಲ. ಊಟದ ಗಂಟೆ ಮೊದಲ ಹೊಡೆತಕ್ಕೇ ಕೇಳಿಸಿತು. ಶನಿವಾರ ಎರಡು ಹಲಗೆ ಆರಿಸಿದಳು. ಒಂದು-ಆರರ ತಗಡು ಕೈಯಲ್ಲಿತ್ತು, ಅದನ್ನು ಬದಿಗಿಟ್ಟಳು. ಕುಂಚದ ತುದಿಯಿಂದ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಎರಡರ ಮೇಲೂ 5½ ಎಂದು ಬರೆದಳು. ಅರ್ಧ ಬರೆಯಲು ಅಭ್ಯಾಸವಿಲ್ಲದೆ ಗೀಟು ಸೊಟ್ಟಗಾಯಿತು. ನೋಡಿದ ಗುಂಡ ತಲೆ ಕೆಟ್ಟಿದೆಯಾ ಎಂದು ಕೇಳಿದ. ತನ್ನ ತಂಗಿಗೆ ತಾನು ಸುಳ್ಳು ಅಳತೆ ಕೊಡುವುದಿಲ್ಲ ಎಂದಳು.

ಭಾನುವಾರ ಬಡಗಿ ಹಲಗೆ, ಸುತ್ತಿಗೆ ಹಿಡಿದು ತಂಗಿಯ ಕಡೆ ಬಂದ. ತಂಗಿ ಹಲಗೆಗಳ ತುದಿ ನೋಡಿದಳು. ಆ ಸೊಟ್ಟ ಅರ್ಧವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಟೇಪು ಎಳೆದಳು, ಹನ್ನೊಂದು. ಸಂದಿಗೆ ಹಿಡಿದಳು, ಹತ್ತು. ಒಂದಿಂಚು ಸೀಳಿ ತೆಗೆದರೆ ಸರಿಹೋಗುತ್ತದೆ, ಎರಡು ನಿಮಿಷದ ಕೆಲಸ ಎಂದು ಬಡಗಿ ಗರಗಸ ಎತ್ತಿಕೊಂಡ. ಅಚ್ಚಕ್ಕ ಸಂದಿನ ಈಚೆಯಿಂದ ತಂಗಿಯ ಮುಖವನ್ನೇ ನೋಡುತ್ತಿದ್ದಳು.

ಕಾಲಿಂಚಿಗೆ ಇಡೀ ಹೊಲಿಗೆ ಬಿಚ್ಚುವ ಆ ಹೆಂಗಸು ಟೇಪನ್ನು ಬೆರಳಿಗೆ ನಿಧಾನವಾಗಿ ಸುತ್ತಿಕೊಂಡಳು.

“ಒಂದಿಂಚು ಜಾಸ್ತಿ ಇದೆ. ಕೂರಲ್ಲ. ಬಿಡಿ, ಹಾಗೇ ಇರಲಿ.”

ಬಡಗಿಗೆ ತಲೆಬುಡ ಅರ್ಥವಾಗಲಿಲ್ಲ. ಎರಡು ಹಲಗೆಯನ್ನೂ ಗೋಡೆಗೆ ಒರಗಿಸಿಟ್ಟು ಹೊರಟುಹೋದ. ಅವು ಇವತ್ತಿಗೂ ಅಲ್ಲೇ ಒರಗಿವೆ. ಅವನ ಹೆಜ್ಜೆ ಮೆಟ್ಟಿಲಿಳಿದ ಮೇಲೆ ತಂಗಿ ಮೈ ವಾರೆ ಮಾಡಿಕೊಂಡು ಹತ್ತಿಂಚಿನ ಸಂದಿನಲ್ಲಿ ನುಸುಳಿ ಈಚೆ ಬಂದಳು. ಹಾಸಿಗೆಯ ಮೇಲೆ ವಾರದಿಂದ ಮುದ್ದೆಯಾಗಿ ಬಿದ್ದಿದ್ದ ಐದು ಅಂಗಿಗಳನ್ನು ನೋಡಿ ಹುಬ್ಬು ಗಂಟಿಕ್ಕಿದಳು.

“ಆ ಕಡೆ ಸರಿ,” ಎಂದಳು. “ನಿನಗೆ ಮಡಚೋಕೆ ಬರಲ್ಲ.”