ಹದಿನೇಳನೆಯ ಆಟಗಾರ

ಅನ್ವರ್ ಪಾಷಾನ ಎದುರು ಯಾವುದನ್ನು ಹೊಗಳಿದರೂ ಅವನ ಬಾಯಿಂದ ಮೊದಲು ಬರುವ ಪ್ರಶ್ನೆ ಒಂದೇ: "ಹೆಸರು ಮುಚ್ಚಿ ನೋಡಿದ್ರಾ, ಅಕ್ಕ?" ಒಮ್ಮೆ ನಾನು ಅವರ ಮನೆಗೆ ನಿಂಬೆಕಾಯಿ ಉಪ್ಪಿನಕಾಯಿ ತೆಗೆದುಕೊಂಡು ಹೋಗಿದ್ದೆ. ಅವನು ಹೆಂಡತಿ ಬಿಲ್ಕೀಸ್‌ಗೆ ಹೇಳಿ ನನ್ನದನ್ನೂ ಅಂಗಡಿಯದನ್ನೂ ಒಂದೇ ಥರದ ಎರಡು ಬಟ್ಟಲಿಗೆ ಹಾಕಿಸಿದ. ಯಾವುದು ಯಾರದೆಂದು ತಿಳಿಯದೆ ರುಚಿ ನೋಡಿ ಅಂಗಡಿಯದಕ್ಕೆ ಹೆಚ್ಚು ಅಂಕ ಕೊಟ್ಟ. ಅದನ್ನು ನಾನಿನ್ನೂ ಮರೆತಿಲ್ಲ, ಮರೆಯುವುದೂ ಇಲ್ಲ.

ತಪ್ಪು ಅವನದಲ್ಲ, ಕಸುಬಿನದು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೆಳೆದ ಅನ್ವರ್ ಇಲ್ಲಿ ಅಮೆರಿಕದ ರಾಲಿಯಲ್ಲಿ ಹೊಸ ಔಷಧಗಳ ಪರೀಕ್ಷೆ ನಡೆಸುವ ಕಂಪನಿಯೊಂದರಲ್ಲಿ ಅಂಕಿಅಂಶದ ಕೆಲಸ ಮಾಡುತ್ತಾನೆ. ಆ ಕೆಲಸಕ್ಕೆ ಎರಡು ಕಟ್ಟುನಿಟ್ಟಿನ ನಿಯಮಗಳಿವೆಯಂತೆ. ರೋಗಿಯ ಹೆಸರು ನೋಡಬಾರದು, ನಂಬರ್ ಮಾತ್ರ ನೋಡಬೇಕು. ಮತ್ತೆ, ನಡುವೆ ಬಿಟ್ಟುಹೋಗಿ ವರದಿಯೇ ಸಿಗದ ರೋಗಿಯನ್ನು ಗುಣವಾಗದವನೆಂದೇ ಎಣಿಸಬೇಕು. ಔಷಧವನ್ನು ಸುಮ್ಮನೆ ಹೊಗಳಿಬಿಡಬಾರದಲ್ಲ, ಅದಕ್ಕೆ. ಹದಿನಾರು ವರ್ಷ ಈ ಎರಡು ನಿಯಮ ಪಾಲಿಸಿ ಪಾಲಿಸಿ ಅವು ಅವನ ರಕ್ತಕ್ಕೇ ಇಳಿದಿದ್ದವು.

ನಮ್ಮ ಮನೆ ಅವನ ಮನೆಯ ಎದುರಿಗೆ. ಅವನ ಪಕ್ಕದ ಮನೆಯಲ್ಲಿ ಥರ್ಮನ್ ಗ್ಯಾಡಿ ಎಂಬ ಹಿರಿಯರಿದ್ದಾರೆ. ಕರಿಯ ಜನಾಂಗದವರು, ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು, ಮಾತು ಕಡಿಮೆ. 2021ರ ಜನವರಿಯಲ್ಲಿ ಅನ್ವರ್ ಕೋವಿಡ್ ಆಗಿ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಬಿಲ್ಕೀಸ್‌ಗೂ ಜ್ವರ, ಮನೆಯಲ್ಲಿ ಇಬ್ಬರು ಮಕ್ಕಳು. ನಾನೇನು ಮಾಡಿದೆ? ಚಿತ್ರಾನ್ನದ ಡಬ್ಬಿಯನ್ನು ಬಾಗಿಲಲ್ಲಿಟ್ಟು, ಬೆಲ್ ಒತ್ತಿ, ಕಳ್ಳಿಯಂತೆ ಓಡಿಬಂದೆ. ಗ್ಯಾಡಿಯವರು ಓಡಲಿಲ್ಲ. ಪ್ರತಿ ಮಂಗಳವಾರ ಅನ್ವರ್ ಮನೆಯ ಕಸದ ತೊಟ್ಟಿಗಳನ್ನು ರಸ್ತೆಬದಿಗೆ ಎಳೆದು, ಖಾಲಿಯಾದ ಮೇಲೆ ಒಳಗಿಟ್ಟು, ತಾವೇ ಬೆಳೆದ ಕೊಲಾರ್ಡ್ ಸೊಪ್ಪಿನ ಕಟ್ಟನ್ನು ಮೆಟ್ಟಿಲ ಮೇಲೆ ಇಡುತ್ತಿದ್ದರು. ಆಮೇಲೆ ಕಿಟಕಿಯ ಹೊರಗೆ ನಿಂತು, ಅಳುತ್ತಿದ್ದ ಬಿಲ್ಕೀಸ್ ಜೊತೆ ಹತ್ತು ನಿಮಿಷ ಮಾತಾಡುತ್ತಿದ್ದರು. ಎಪ್ಪತ್ತೇಳು ವರ್ಷದ ಮನುಷ್ಯ. ನಾನು ನಮ್ಮ ಪರದೆಯ ಹಿಂದಿನಿಂದ ನೋಡುತ್ತಿದ್ದೆ. ನಾಚಿಕೆಯೂ ಆಗುತ್ತಿತ್ತು, ದೇವರಂಥವರು ಎಂದೂ ಅನಿಸುತ್ತಿತ್ತು.

ಅನ್ವರ್ ಬದುಕಿ ಬಂದ. ಆ ಶರತ್ಕಾಲದಲ್ಲಿ ಗ್ಯಾಡಿಯವರು ಟೀವಿಯನ್ನು ಗ್ಯಾರೇಜಿಗೆ ತಂದಿಟ್ಟು, ಎರಡು ಕುರ್ಚಿಗಳನ್ನು ಆರಡಿ ದೂರ ಹಾಕಿ, ಅವನಿಗೆ ಕಾಲೇಜ್ ಫುಟ್‌ಬಾಲ್ ಕಲಿಸಿದರು. ಹೆಸರಿಗೆ ಫುಟ್‌ಬಾಲ್, ಚೆಂಡು ಇರುವುದು ಕೈಯಲ್ಲಿ. ನನಗಂತೂ ಅದು ಒಬ್ಬರ ಮೇಲೊಬ್ಬರು ಬೀಳುವ ಆಟ, ಅಷ್ಟೇ. ನೀವೂ ಆಡಿದ್ದೀರಾ ಎಂದು ಅನ್ವರ್ ಕೇಳಿದರೆ "ಕಾಲೇಜಲ್ಲಿ ಸ್ವಲ್ಪ" ಎಂದಷ್ಟೇ ಹೇಳಿ ಟೀವಿಯತ್ತ ತಿರುಗಿದರು.

2023ರ ಮಾರ್ಚ್‌ನಲ್ಲಿ ಗ್ಯಾಡಿಯವರ ಹಳೆಯ ಕಾಲೇಜಿನಿಂದ ಒಂದು ಸುದ್ದಿ ಬಂತು. ಹೊಸ ಮೈದಾನದಲ್ಲಿ ಒಂದು ಗೋಡೆ ಕಟ್ಟುತ್ತಾರೆ. ಅಲ್ಲಿಯವರೆಗೆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದ ನಲವತ್ತೊಂದು ಜನರನ್ನು ಇಂದಿನ ಅಳತೆಯಲ್ಲಿ ತೂಗಿ, ಹನ್ನೆರಡು ಹೆಸರು ಮಾತ್ರ ಕೆತ್ತಿಸುತ್ತಾರೆ. ಲೆಕ್ಕ ಬಲ್ಲವರು ಬೇಕು. ಗ್ಯಾಡಿಯವರ ಕಾಲೇಜಿಗೆ ಏನಾದರೂ ಮಾಡಿದಂತಾಯಿತೆಂದು ಅನ್ವರ್ ಕುಣಿಯುತ್ತ ಒಪ್ಪಿಕೊಂಡ. ಎಂದಿನಂತೆ ಹೆಸರುಗಳನ್ನು ಮುಚ್ಚಿಸಿ, ನಂಬರ್ ಹಾಕಿಸಿಕೊಂಡು, ಪಟ್ಟಿ ಮಾಡಿ ಕೊಟ್ಟ. ಸಮಿತಿಯವರು ಹೆಸರುಗಳ ಹಾಳೆ ಕಳಿಸಿದರು. ಮೂವತ್ತೆಂಟನೆಯ ಸ್ಥಾನ: ಥರ್ಮನ್ ಗ್ಯಾಡಿ, 1963.

ಅವನು ನಮ್ಮ ಅಡುಗೆಮನೆಗೆ ಬಂದು ಕುಳಿತ. ಕಾಫಿ ಆರುತ್ತಿದ್ದರೂ ಮುಟ್ಟಲಿಲ್ಲ.

"ಅಕ್ಕ, ಅವ್ರು award winner ಅಂತಾನೇ ನಂಗೊತ್ತಿರ್ಲಿಲ್ಲ. ನಾನೇ ಅವ್ರನ್ನ ಕೆಳಗೆ ಹಾಕ್ಬಿಟ್ಟೆ."

"ಹೋಗ್ಲಿ, ಈಗಿನ ಹುಡುಗರು ಜಾಸ್ತಿ ಚೆನ್ನಾಗಿ ಆಡ್ತಾರೇನೋ."

"ಅದಲ್ಲ. ಆಗ ಈಗಿನ ಹಾಗೆ ಬೇರೆ ಬೇರೆ ಗುಂಪಿರ್ಲಿಲ್ಲ, ಅದೇ ಹನ್ನೊಂದು ಜನ attackಗೂ ಇರ್ತಿದ್ರು, ತಡೆಯೋಕೂ ಇರ್ತಿದ್ರು. ತಡೆದಿದ್ದನ್ನ ಯಾರೂ ಬರೆದಿಟ್ಟಿಲ್ಲ. ದೊಡ್ಡ ಪೇಪರ್‌ನೋರು ಕರಿಯರ ಕಾಲೇಜಿನ ಮ್ಯಾಚ್‌ಗೆ ಹೋಗ್ತಾನೇ ಇರ್ಲಿಲ್ಲ. ಆ columns ಖಾಲಿ ಇತ್ತು. ನಾನು ಆಫೀಸ್ ಅಭ್ಯಾಸದಲ್ಲಿ ಖಾಲಿ ಇದ್ದಲ್ಲೆಲ್ಲ ಸೊನ್ನೆ ತುಂಬ್ದೆ."

ವರದಿ ಇಲ್ಲದವನು ಗುಣವಾಗದವನು. ಔಷಧಕ್ಕೆ ಸರಿಹೋಗುವ ನಿಯಮ ಮನುಷ್ಯನ ಅರ್ಧ ಆಟವನ್ನೇ ನುಂಗಿಬಿಟ್ಟಿತ್ತು. ಅಂಥ ಹಳಬರು ಆರು ಜನ, ಆರೂ ಮಂದಿ ಪಟ್ಟಿಯ ಬುಡದಲ್ಲಿದ್ದರು.

ಮರುದಿನ ಅನ್ವರ್ ಗ್ಯಾಡಿಯವರ ಬಾಗಿಲಿಗೆ ಹೋದ. ಜೊತೆಗೆ ಬನ್ನಿ ಎಂದು ಗೋಗರೆದದ್ದರಿಂದ ನಾನೂ ಹೋದೆ. ತಪ್ಪು ಹೇಳಿಕೊಳ್ಳುವ ಮೊದಲೇ ಮುದುಕರು ಕೈಯೆತ್ತಿ ತಡೆದರು. ಸಮಿತಿಯವರು ಆಗಲೇ ಫೋನ್ ಮಾಡಿದ್ದರಂತೆ.

"ಎಣಿಸುವಾಗ ನನ್ನ ಹೆಸರು ಮುಚ್ಚಿತ್ತಾ?" ಎಂದು ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಕೇಳಿದರು.

ಅನ್ವರ್ ಹೌದೆಂದ.

"ಹಾಗಾದರೆ ನನ್ನದೇನೂ ತಕರಾರಿಲ್ಲ, ಮಗನೇ. ನಮ್ಮ ಕಾಲದಲ್ಲಿ ಮೊದಲು ಮುಖ ನೋಡುತ್ತಿದ್ದರು, ಆಮೇಲೆ ಎಣಿಸುತ್ತಿದ್ದರು. ನೋಡದೆ ಎಣಿಸಿದವನು ನೀನೇ ಮೊದಲನೆಯವನು."

ಹೀಗೆಂದು ಒಳಗಿಂದ ಸೊಪ್ಪಿನ ಕಟ್ಟು ತಂದುಕೊಟ್ಟರು. ಅವರು ಬೈದಿದ್ದರೆ ಅನ್ವರ್ ತಡೆದುಕೊಳ್ಳುತ್ತಿದ್ದ. ಸೊಪ್ಪು ನೋಡಿ ಅತ್ತೇಬಿಟ್ಟ.

ಸಮಿತಿ ಅವನಿಗೆ ಒಂದು ತಿಂಗಳು ಅವಕಾಶ ಕೊಟ್ಟಿತು. ಬರೆದಿಡದ ಆಟವನ್ನು ಅಳೆಯುವುದು ಹೇಗೆ? ಪಂದ್ಯಗಳ ಅಂಕಗಳು ಕಾಲೇಜಿನ ವಾರ್ಷಿಕ ಸಂಚಿಕೆಗಳಲ್ಲಿ ಸಿಕ್ಕವು. ಔಷಧ ಕೊಟ್ಟ ದಿನ ಏನಾಯಿತು, ಕೊಡದ ದಿನ ಏನಾಯಿತು ಎಂದು ನೋಡುವಂತೆ, ಆಟಗಾರ ಇದ್ದ ದಿನ ಎದುರಾಳಿ ಗಳಿಸಿದ್ದೆಷ್ಟು, ಇಲ್ಲದ ದಿನ ಗಳಿಸಿದ್ದೆಷ್ಟು ಎಂದು ನೋಡಬಹುದೆಂದು ಅವನಿಗೆ ಹೊಳೆಯಿತು. ಒಂದು ಪಂದ್ಯವನ್ನೂ ಬಿಡದವರಿದ್ದರೆ, ಅದೇ ವರ್ಷದ ಬೇರೆ ತಂಡಗಳ ಜೊತೆ ಹೋಲಿಸುವುದು. ಯಾರು ಯಾವ ಪಂದ್ಯ ಆಡಲಿಲ್ಲ ಎಂದು ಆ ಆರು ಜನರನ್ನೋ ಅವರ ಮನೆಯವರನ್ನೋ ಕೇಳಿ ತಿಳಿಯುವ ಕೆಲಸ ಬಿಲ್ಕೀಸ್‌ಗೆ ಬಂತು. ಎಣಿಸುವ ಕೆಲಸ ನನಗೆ ಬಂತು.

"ನಂಗಾ? ನಂಗೆ ಆ ಆಟದ ತಲೆಬುಡ ಗೊತ್ತಿಲ್ವಲ್ಲೋ!"

"ಅದಕ್ಕೇ ನೀವು ಬೇಕು, ಅಕ್ಕ. ನಂಗೀಗ ಅವ್ರ ನಂಬರ್ ಗೊತ್ತಾಗ್ಬಿಟ್ಟಿದೆ. ನಾನು ಮಾಡಿದ್ರೆ ಅದು ಎಣಿಕೆ ಅಲ್ಲ, ಉಪಕಾರ ತೀರ್ಸಿದ್ ಹಾಗೆ."

ಬಿಲ್ಕೀಸ್ ಹೆಸರು, ವರ್ಷ ಎರಡರ ಮೇಲೂ ಕಾಗದ ಅಂಟಿಸಿ, ನಂಬರ್ ಮಾತ್ರ ಕಾಣುವಂತೆ ಬಿಟ್ಟ ಆರು ಹಾಳೆಗಳನ್ನು ತಂದುಕೊಟ್ಟಳು. ಅವಳ ಮುಖ ನೋಡಿದೆ, ಏನೂ ಗೊತ್ತಾಗಲಿಲ್ಲ. ಮೂರು ಮಧ್ಯಾಹ್ನ ಊಟದ ಮೇಜಿನ ಮೇಲೆ ಕೂಡಿ, ಕಳೆದು, ಭಾಗಿಸಿದೆ. ಇಪ್ಪತ್ತಮೂರನೆಯ ನಂಬರಿನವನು ಒಂದು ಪಂದ್ಯವನ್ನೂ ತಪ್ಪಿಸಿರಲಿಲ್ಲ. ಇವನೇ ಗ್ಯಾಡಿ ಎಂದುಕೊಂಡೆ. ಒಂದು ಮಂಗಳವಾರವನ್ನೂ ತಪ್ಪಿಸದ ಮನುಷ್ಯ ಪಂದ್ಯ ತಪ್ಪಿಸುತ್ತಾರೆಯೇ? ಉಳಿದವರ ಲೆಕ್ಕದ ಜೊತೆ ಇಟ್ಟು ನೋಡಿದರೆ ಅವನಿಗೆ ಹದಿನಾಲ್ಕನೆಯ ಸ್ಥಾನ ಬಂತು. ಗೋಡೆಗೆ ಎರಡೇ ಎರಡು ಕಡಿಮೆ. ಇನ್ನೊಮ್ಮೆ ಕೂಡಿದೆ, ಅಷ್ಟೇ ಬಂತು. ಎಲ್ಲೋ ಒಂದು ಅಂಕಿ ತಿದ್ದಿದರೆ ಯಾರಿಗೆ ತಿಳಿಯುತ್ತದೆ ಎಂಬ ಯೋಚನೆಯೂ ಬಂತು, ಸುಳ್ಳೇಕೆ ಹೇಳಲಿ. ಪೆನ್ಸಿಲ್ ಕೆಳಗಿಟ್ಟೆ. ಮುಖ ನೋಡದೆ ಎಣಿಸಿದ್ದಕ್ಕೇ ಸಂತೋಷಪಟ್ಟವರಿಗೆ, ಅವರನ್ನು ನೆನೆದು ತಿದ್ದಿದ ಲೆಕ್ಕವನ್ನು ಹೇಗೆ ಕೊಡಲಿ? ಬಂದ ಲೆಕ್ಕವನ್ನು ಬಂದಂತೆಯೇ ಕೊಟ್ಟೆ. ಉಳಿದವರಲ್ಲಿ ಹದಿನೇಳನೆಯ ನಂಬರಿನವನೊಬ್ಬ ಆರನೆಯ ಸ್ಥಾನಕ್ಕೆ ಏರಿದ್ದ. ಅವನಿದ್ದ ಏಳು ಪಂದ್ಯಗಳಲ್ಲಿ ಎದುರಾಳಿಗಳಿಗೆ ಸಿಕ್ಕಿದ್ದು ಒಟ್ಟು ಇಪ್ಪತ್ತೊಂಬತ್ತು ಅಂಕ, ಅವನಿಲ್ಲದ ಎರಡರಲ್ಲಿ ಐವತ್ತನಾಲ್ಕು. ಯಾರೋ ಪುಣ್ಯಾತ್ಮ ಎಂದುಕೊಂಡೆ.

ಯಾವ ನಂಬರ್ ಯಾರದೆಂದು ಗೋಡೆಯ ಪರದೆ ಸರಿಯುವ ತನಕ ಅನ್ವರ್ ನನಗೆ ಹೇಳಲಿಲ್ಲ. ಅಷ್ಟು ಬಿಗಿ ಅವನು. ಅಕ್ಟೋಬರ್‌ನ ಒಂದು ಶನಿವಾರ, ಗ್ಯಾಡಿಯವರ ಹೆಸರು ಇರುವುದಿಲ್ಲವೆಂದುಕೊಂಡೇ, ನಾನೂ ಎಲ್ಲರ ಜೊತೆ ಅಲ್ಲಿಗೆ ಹೋದೆ. ಗ್ಯಾಡಿಯವರು ಇಸ್ತ್ರಿ ಮಾಡಿದ ಕೋಟು ಹಾಕಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮೊಮ್ಮಗಳ ತೋಳು ಹಿಡಿದು ಬಂದಿದ್ದರು. ಪರದೆ ಸರಿಯಿತು. ನಾನು ಕೆಳಗಿನಿಂದ ಓದತೊಡಗಿದೆ. ಹನ್ನೆರಡು, ಹನ್ನೊಂದು, ಹತ್ತು, ಇಲ್ಲ. ಆರನೆಯ ಸಾಲಿನಲ್ಲಿ ಥರ್ಮನ್ ಗ್ಯಾಡಿ ಎಂದಿತ್ತು.

"ಹದಿನೇಳು ಅವ್ರಾ? ಎರಡು ಮ್ಯಾಚ್ ಯಾಕೆ ಆಡ್ಲಿಲ್ಲ?" ಬಿಲ್ಕೀಸ್‌ಳ ಕೈ ಹಿಡಿದು ಕೇಳಿದೆ.

"ಅವ್ರ ತಂದೆಗೆ ಹುಷಾರಿರ್ಲಿಲ್ಲ, ಅಕ್ಕ. ಮನೇಲಿ ಹೊಗೆಸೊಪ್ಪು ಬೇಯ್ಸೋ ಟೈಮು, ಇವ್ರೇ ನೋಡ್ಕೋಬೇಕಿತ್ತು. ನಮ್ಮ ಹುಣಸೂರಲ್ಲೂ ಹಂಗೇ ಅಲ್ವಾ, ಸೊಪ್ಪು ಒಣಗಿಸೋ ಬ್ಯಾರನ್‌ಗೆ ಬೆಂಕಿ ಹಾಕಿದ್ಮೇಲೆ ಬಿಟ್ಟು ಬರೋಕಾಗಲ್ಲ. ಸೊಪ್ಪಿನ ಅಂಟು ಕೈಯಿಂದ ಹೋಗೋದೇ ಇಲ್ಲ ಅಂತ ನಾನಂದೆ, ಆಗ ಅವ್ರು ಎಲ್ಲಾ ಹೇಳಿದ್ರು."

ಗ್ಯಾಡಿಯವರು ಗೋಡೆಯನ್ನು ಹೆಚ್ಚು ಹೊತ್ತು ನೋಡಲಿಲ್ಲ. ಅನ್ವರ್‌ನತ್ತ ತಿರುಗಿ, "ಈ ಸಲವೂ ಮುಚ್ಚಿತ್ತಾ?" ಎಂದರು.

ಅನ್ವರ್ ನನ್ನನ್ನು ತೋರಿಸಿದ. "ಎಣಿಸಿದ್ದು ನಾನು. ನನಗೆ ಗೊತ್ತಿರಲಿಲ್ಲ, ನಿಮ್ಮ ನಂಬರ್ ಬೇರೆ ಅಂದುಕೊಂಡಿದ್ದೆ" ಎಂದೆ.

ಅವರು ಕೋಲನ್ನು ಮೊಮ್ಮಗಳಿಗೆ ಕೊಟ್ಟು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು. ಗೊತ್ತಿಲ್ಲದೆ ಎಣಿಸಿದ್ದಕ್ಕೆ ಥ್ಯಾಂಕ್ಸ್ ಎಂದರು. ಥ್ಯಾಂಕ್ಸ್ ಹೇಳಬೇಕಾದವಳು ನಾನು, ಎರಡೂವರೆ ವರ್ಷದಿಂದ ನಮ್ಮ ಕಿಟಕಿಯ ಪರದೆಯ ಹಿಂದೆಯೇ ನಿಂತುಬಿಟ್ಟಿದ್ದೆ. ಆವತ್ತು ಹೇಳಿದೆ: ಆ ಮಂಗಳವಾರಗಳಿಗೆ, ನನ್ನ ಎದುರು ಮನೆಯವರನ್ನು ನಾನು ನೋಡಿಕೊಳ್ಳದಾಗ ನೀವು ನೋಡಿಕೊಂಡದ್ದಕ್ಕೆ.

ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು. ನಿಜಕ್ಕೂ ನೆನಪಾಗಲಿಲ್ಲ.

"ಯಾವ ಮಂಗಳವಾರ?" ಎಂದು ಕೇಳಿದರು.