ತಿದ್ದುವ ಕೈ

ನಮ್ಮಣ್ಣನ ಕೈ ಸುಮ್ಮನೆ ಕೂತಿದ್ದನ್ನು ನಾನು ಕಂಡಿರುವುದು ಒಂದೇ ಒಂದು ಸಲ. ಅದನ್ನು ಆಮೇಲೆ ಹೇಳುತ್ತೇನೆ. ಅವನು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ನಾನು ಅವನ ತಂಗಿ, ಬಟ್ಟೆ ಹೊಲಿಯುವವಳು. ಅತ್ತಿಗೆ ತೀರಿಕೊಂಡಾಗ ಅವರ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ನಾಲ್ಕು ದಿನ ಇದ್ದು ಹೋಗೋಣ ಎಂದು ಹೊಲಿಗೆ ಮಷಿನ್ ಸಮೇತ ಅಣ್ಣನ ಮನೆಗೆ ಬಂದ ನಾನು ಅಲ್ಲೇ ಉಳಿದುಬಿಟ್ಟೆ. ಮಗುವನ್ನು ಗುಬ್ಬಿ ಎಂದು ಕರೆಯುತ್ತಿದ್ದೆವು.

ಶಾಲೆಯ ಮಕ್ಕಳು ಅಣ್ಣನಿಗೆ ‘ತಿದ್ದೋ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಯಾವ ಮಗು ಏನು ಬರೆದು ತಂದರೂ ಅವನು ಬಾಯಲ್ಲಿ ಹೇಳುವವನಲ್ಲ. ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು, ಆ ಮಗುವಿನ ಹಾಳೆಯ ಮೇಲೇ ಸರಸರ ತಿದ್ದಿಬಿಡುವನು. ಸೊಟ್ಟ ಲೋಟ ನೆಟ್ಟಗಾಗುವುದು, ಕುಂಟು ನಾಯಿಗೆ ಕಾಲು ಬರುವುದು. ಮಕ್ಕಳಿಗೂ ಖುಷಿ, ಅವರ ಅಪ್ಪ ಅಮ್ಮಂದಿರಿಗೆ ಇನ್ನೂ ಖುಷಿ. ವರ್ಷದ ಕೊನೆಯ ಪ್ರದರ್ಶನದಲ್ಲಿ ಗೋಡೆಯ ತುಂಬ ಅವನದೇ ಚಿತ್ರ, ಕೆಳಗೆ ಮಾತ್ರ ಬೇರೆ ಬೇರೆ ಮಕ್ಕಳ ಹೆಸರು.

“ಪರೀಕ್ಷೆಗೂ ನೀನೇ ಕೂತ್ಕೊಂಡ್ಬಿಡಣ್ಣ” ಎಂದು ನಾನು ರೇಗಿಸುತ್ತಿದ್ದೆ.

“ಮಕ್ಕಳು ನೋಡಿ ಕಲೀತಾವೆ ಕಣೇ, ನಿಂಗೇನ್ ಗೊತ್ತು?”

ಮನೆಯಲ್ಲೂ ಅದೇ ಹಣೆಬರಹ. ನಾನು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಒಳಗೆ ಹೋಗಿ ಬರುವಷ್ಟರಲ್ಲಿ ಕುತ್ತಿಗೆಯ ಗೆರೆ ಮುದ್ದಾಗಿ ದುಂಡಗಾಗಿರುತ್ತಿತ್ತು. ಅವನ ಅಂದಕ್ಕೆ ಕತ್ತರಿಸಿದ ಒಂದು ಅಂಗಿಯೊಳಗೆ ಗಿರಾಕಿಯ ತಲೆಯೇ ತೂರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಬೈದು ಮತ್ತೊಂದು ಹೊಲಿದುಕೊಟ್ಟೆ.

ಗುಬ್ಬಿಗೆ ಚಿತ್ರಕಲಾ ಕಾಲೇಜಿಗೆ ಸೇರುವ ಹುಚ್ಚು. ಕೂತರೂ ಅದೇ ಮಾತು, ನಿಂತರೂ ಅದೇ ಮಾತು. ಸೀಟು ಸಿಗುವುದು ಸುಲಭವಲ್ಲವೆಂದು ಅಣ್ಣನೇ ಅವಳನ್ನು ವಾಚನಾಲಯದ ಮಾಳಿಗೆಯಲ್ಲಿ ಭಾನುವಾರ ನಡೆಯುವ ಚಿತ್ರದ ತರಗತಿಗೆ ಸೇರಿಸಿದ. ಅಲ್ಲಿಯ ಟೀಚರ್ ಚಿಕ್ಕ ವಯಸ್ಸಿನವಳು, ಅವಳ ಪಾಠ ಅಣ್ಣನ ಪಾಠಕ್ಕೆ ಪೂರ್ತಿ ತಿರುಗುಮುರುಗು. ಕುರ್ಚಿ ಬರೆಯಿರಿ ಅನ್ನುವ ಬದಲು ಕುರ್ಚಿಯ ಕಾಲುಗಳ ನಡುವೆ ಕಾಣುವ ಖಾಲಿ ಜಾಗವನ್ನು ಬರೆಯಿರಿ ಅನ್ನುತ್ತಿದ್ದಳಂತೆ. ಕಣ್ಣನ್ನು ಅರ್ಧ ಮುಚ್ಚಿ ನೋಡಿ, ಸಣ್ಣಪುಟ್ಟದ್ದೆಲ್ಲ ಮಸುಕಾಗಿ ದೊಡ್ಡ ಆಕಾರ ಮಾತ್ರ ನಿಲ್ಲುತ್ತದೆ, ಅಷ್ಟನ್ನೇ ಹಿಡಿಯಿರಿ. ಆ ಆಕಾರಗಳನ್ನು ಕಪ್ಪು ಕಾಗದದಲ್ಲಿ ಕತ್ತರಿಸಿ ಬಿಳಿ ಹಾಳೆಯ ಮೇಲೆ ಅತ್ತಿತ್ತ ಸರಿಸುತ್ತಾ ಹೋಗಿ, ಎಲ್ಲಿಟ್ಟರೆ ಕಣ್ಣಿಗೆ ನೆಮ್ಮದಿಯೋ ಅಲ್ಲಿ ಬಿಡಿ. ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ಗುಬ್ಬಿಗೆ ಊಟವೂ ಬೇಡ.

“ಕುರ್ಚಿ ಬಿಟ್ಟು ಕುರ್ಚಿ ಸಂದಿ ಬರೀಬೇಕಾ?” ಅಣ್ಣ ನಗುತ್ತಿದ್ದ. “ನಾಳೆ ಮನೆಗೆ ಬಂದೋರನ್ನ ಸಂದೀಲಿ ಕೂರಿಸ್ತೀಯಾ?”

“ನೀನೂ ಒಂದ್ಸಲ ಕಣ್ಣು ಅರ್ಧ ಮುಚ್ಚಿ ನೋಡಪ್ಪ.”

“ಕ್ಲಾಸಲ್ಲಿ ಕಣ್ಣು ಮುಚ್ಚಿದ್ರೆ ಹೆಡ್ಮಾಸ್ಟ್ರು ನನ್ನನ್ನ ಮನೆಗೇ ಕಳಿಸ್ತಾರೆ!”

ಕಾಲೇಜಿನವರು ಮನೆಯಲ್ಲೇ ಬರೆದ ಒಂದು ಚಿತ್ರ ತರಲು ಹೇಳಿದ್ದರು. ವಸ್ತು ನಿಮ್ಮಿಷ್ಟ, ಆದರೆ ಕೈ ನಿಮ್ಮದೇ ಆಗಿರಬೇಕು ಎಂಬುದು ನಿಯಮ. ಗುಬ್ಬಿ ಲೋಕದಲ್ಲಿರುವುದನ್ನೆಲ್ಲ ಬಿಟ್ಟು ನನ್ನನ್ನು ಆರಿಸಿಕೊಂಡಳು. ನಾನು ಮಷಿನ್ ತುಳಿಯುತ್ತಿದ್ದರೆ ಪಕ್ಕದಲ್ಲಿ ಕೂತು ಕಣ್ಣು ಅರ್ಧ ಮುಚ್ಚುವಳು. “ನಿದ್ದೆ ಬಂದ್ರೆ ಹೋಗಿ ಬಿದ್ಕೋ” ಎಂದು ಗದರುತ್ತಿದ್ದೆ. ನೆಲದ ತುಂಬ ಕಪ್ಪು ಕಾಗದದ ಚೂರು. ಸರಿಸಿ ಸರಿಸಿ, ತೆಗೆದು ತೆಗೆದು, ಕೊನೆಗೆ ಒಂದು ದಿನ ಅದನ್ನೇ ಪೆನ್ಸಿಲಿನಲ್ಲಿ ಬರೆದು ತುಂಬಿದ ಹಾಳೆಯನ್ನು ನನ್ನ ಮುಂದೆ ಹಿಡಿದಳು. ಒಂದು ಮೂಲೆಯಲ್ಲಿ ಬಾಗಿದ ದೊಡ್ಡ ಕಪ್ಪು ಆಕಾರ, ಅದರ ಮುಂದೆ ಸಣ್ಣದೊಂದು ಚಕ್ರ. ಮಿಕ್ಕದ್ದೆಲ್ಲ ಬಿಳಿ. ಮುಖವಿಲ್ಲ, ಕೈಕಾಲಿಲ್ಲ.

“ಇದೇನೇ ಇದು, ನಾನೇನು ಕುಂಬಳಕಾಯಿನಾ?”

“ಸ್ವಲ್ಪ ಹೊತ್ತು ನೋಡತ್ತೆ.”

ನೋಡಿದೆ. ನೋಡುತ್ತಾ ನೋಡುತ್ತಾ ನನ್ನ ಬೆನ್ನಿನ ನೋವು, ನಾನು ಯಾರ ಹತ್ತಿರವೂ ಹೇಳಿಕೊಳ್ಳದ ನೋವು, ಆ ಬಾಗಿನಲ್ಲಿ ಕಂಡಿತು. ಮಾತಿಗೆ ಯಾರೂ ಇಲ್ಲದ ನನ್ನ ಮಧ್ಯಾಹ್ನಗಳೆಲ್ಲ ಆ ಬಿಳಿ ಜಾಗದಲ್ಲಿದ್ದವು. ಇಷ್ಟು ವರ್ಷದಲ್ಲಿ ನನ್ನನ್ನು ಯಾರಾದರೂ ಸರಿಯಾಗಿ ನೋಡಿದ್ದರೆ ಅದು ಈ ಹುಡುಗಿ ಅನ್ನಿಸಿತು. “ಕುಂಬಳಕಾಯಿ ಚೆನ್ನಾಗಿದೆ” ಎಂದು ಹೇಳಿ ಒಳಗೆ ಹೋದೆ.

ಸಂದರ್ಶನದ ಹಿಂದಿನ ಮಧ್ಯಾಹ್ನ ಗುಬ್ಬಿ ಟೀಚರನ್ನು ಕಂಡು ಬರಲು ಹೋಗಿದ್ದಳು. ನಾನು ಹೊಲಿದ ಬಟ್ಟೆ ಕೊಟ್ಟು ಬರಲು ಹೋಗಿದ್ದೆ. ಚಿತ್ರವನ್ನು ರಟ್ಟಿಗೆ ಅಂಟಿಸಿ ಕಟ್ಟಿಡುವ ಕೆಲಸ ಅಣ್ಣನದು. ಮನೆಯಲ್ಲಿ ಅವನು, ಅವನ ಪೆನ್ಸಿಲ್, ಮತ್ತು ಮುಕ್ಕಾಲು ಪಾಲು ಖಾಲಿ ಇರುವ ಆ ಹಾಳೆ. ಇನ್ನು ಕೇಳಬೇಕೆ? ಮಗು ಪಾಪ ಅರ್ಧಕ್ಕೇ ಬಿಟ್ಟಿದೆ, ನಾಳೆ ಅಲ್ಲಿ ಮರ್ಯಾದೆ ಹೋಗಬಾರದು ಎಂದು ಕೂತುಬಿಟ್ಟ. ಕೆಡಿಸಬೇಕೆಂದು ಮಾಡಿದ್ದರೆ ಕೈಯೆತ್ತಿ ಶಪಿಸಬಹುದಿತ್ತು. ಪ್ರೀತಿಯಿಂದ ಮಾಡಿದವನನ್ನು ಏನು ಮಾಡೋಣ ಹೇಳಿ. ನಾವು ಬರುವ ಹೊತ್ತಿಗೆ ದಾರ ಬಿಗಿದು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದ. ಮರುದಿನ ಅದನ್ನು ತೊಡೆಯ ಮೇಲಿಟ್ಟುಕೊಂಡು ಗುಬ್ಬಿ ಬಸ್ಸಿನಲ್ಲಿ ಹೋದಳು.

ಅಲ್ಲಿ ಏನಾಯಿತೆಂದು ಅವಳು ಹೇಳಿದ್ದು ನನಗೊಬ್ಬಳಿಗೇ. ಸಂಜೆ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆವು.

“ಬಿಚ್ಚಿದ್ರೆ ಅದರಲ್ಲಿ ನಿನ್ನ ಮುಖ ಇತ್ತತ್ತೆ. ಕನ್ನಡಕ, ಕೆನ್ನೆ ಮೇಲಿನ ಮಚ್ಚೆ, ಎಲ್ಲಾ. ಕತ್ತರಿ ಇತ್ತು, ಕಿಟಕಿ ಸರಳು ಇತ್ತು. ಸರಳಿನ ಮೇಲೊಂದು ಕಾಗೆ.”

ತೆಗೆಯುತ್ತಿದ್ದ ಸೀರೆಯನ್ನು ಹಗ್ಗದ ಮೇಲೇ ಬಿಟ್ಟು ಅವಳ ಕಡೆ ತಿರುಗಿದೆ.

“ಇದರಲ್ಲಿ ಎರಡು ಕೈ ಕಾಣ್ತಿದೆ, ಯಾರು ಬರ್ಕೊಟ್ರಮ್ಮ ಅಂತ ಕೇಳಿದ್ರು. ಎಲ್ಲಾ ನಂದೇ ಸರ್ ಅಂದೆ. ಹಾಗಾದ್ರೆ ಇನ್ನೊಂದು ಕಾಗೆ ಬರಿ ಅಂತ ಹಾಳೆ ಕೊಟ್ರು. ನನ್ನ ಕಾಗೆ ಅಪ್ಪನ ಕಾಗೆ ಥರ ಬರುತ್ತಾ ಅತ್ತೆ?”

“ಅಪ್ಪ ತಿದ್ದಿದ್ದು ಅನ್ನೋಕೆ ನಿಂಗೇನಾಗಿತ್ತೇ, ದಡ್ಡಿ!”

“ಅಷ್ಟು ಜನರ ಮುಂದೆ ಅಪ್ಪನ ಹೆಸರು ಹೇಳ್ಲಾ? ಅವರೂ ಮೇಷ್ಟ್ರುಗಳು, ಅಪ್ಪನೂ ಮೇಷ್ಟ್ರು. ಅಪ್ಪಂಗೆ ಗೊತ್ತಾಗಬಾರದು. ನನ್ನಾಣೆ.”

ಆಣೆ ಹಾಕಿಸಿಕೊಂಡ ಮೇಲೆ ಮುಗಿಯಿತು. ಸೀಟು ಸಿಗಲಿಲ್ಲ. “ಕಣ್ಣಿಲ್ಲದ ಗೂಬೆಗಳು, ಅಂಥ ಚಿತ್ರಾನ ಬೇಡ ಅಂದ್ರಲ್ಲ!” ಎಂದು ಅಣ್ಣ ವರ್ಷಗಟ್ಟಲೆ ಕಾಲೇಜಿನವರನ್ನು ಬೈದ. ಅವನು ಬೈದಾಗೆಲ್ಲ ನಾಲಿಗೆಯ ತುದಿಗೆ ಬಂದದ್ದನ್ನು ನಾನು ನುಂಗಿದ್ದೇನೆ. ಮೂಗಿನ ತುದಿಯಲ್ಲಿ ಕೋಪ ಇರುವವಳಿಗೆ ಅದೆಂಥ ಶಿಕ್ಷೆ ಎಂದು ನನಗೇ ಗೊತ್ತು. ಕಾಲೇಜಿನಿಂದ ವಾಪಸು ಬಂದ ಚಿತ್ರವನ್ನು ಗುಬ್ಬಿ ಬೀರುವಿನ ಹಿಂದೆ ತಳ್ಳಿದಳು. ಮತ್ತೆ ಪೆನ್ಸಿಲ್ ಮುಟ್ಟಲಿಲ್ಲ. ಈಗ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಾಳೆ, ಅಲ್ಲೇ ಹತ್ತಿರದ ಕೋಣೆಯಲ್ಲಿ ಇರುತ್ತಾಳೆ. ಏನು ಹಗುರ ಕೈಯಮ್ಮ, ಸೂಜಿ ಚುಚ್ಚಿದ್ದೇ ಗೊತ್ತಾಗಲ್ಲ ಎಂದು ಜನ ಹೊಗಳುತ್ತಾರೆ. ಹೊಗಳಿದಾಗೆಲ್ಲ ನನಗೆ ಬೀರುವಿನ ಹಿಂದಿನ ಆ ಚಿತ್ರ ನೆನಪಾಗುತ್ತದೆ.

ಅಣ್ಣ ನಿವೃತ್ತನಾದ ಮೇಲೆ ಭಾನುವಾರದ ಟೀಚರ್ ಮನೆಗೆ ಬಂದಳು. ಹೆರಿಗೆಗೆ ಹೋಗುವವಳಿದ್ದಳು, ವಾಪಸು ಬರುವವರೆಗೆ ತರಗತಿ ನೋಡಿಕೊಳ್ಳಿ ಎಂದು ಕೇಳಿದಳು.

“ಒಂದೇ ಷರತ್ತು ಮೇಷ್ಟ್ರೇ. ಮಕ್ಕಳ ಹಾಳೆಗೆ ನಿಮ್ಮ ಪೆನ್ಸಿಲ್ ತಾಗಬಾರದು.”

ಅಣ್ಣನ ಮುಖ ಕೆಂಪಾಯಿತು. ಆದರೂ ಮನೆಯಲ್ಲಿ ಕೂತು ಕೂತು ಬೇಜಾರು ಬಂದಿತ್ತು, ಒಪ್ಪಿಕೊಂಡ. ತಿದ್ದುವಂತಿಲ್ಲ, ಹಾಗಾಗಿ ಅವಳು ಬರೆದಿಟ್ಟು ಹೋದ ಪಾಠವನ್ನು ಮಕ್ಕಳ ಜೊತೆ ತಾನೂ ಮಾಡತೊಡಗಿದ. ಮನೆಯಲ್ಲೂ ಕಣ್ಣು ಅರ್ಧ ಮುಚ್ಚಿ ಗೋಡೆ, ಬಕೀಟು, ನನ್ನನ್ನು ನೋಡುತ್ತಿದ್ದ. “ಈ ವಯಸ್ಸಲ್ಲಿ ತಂಗಿಗೇ ಕಣ್ಣು ಹೊಡೀಬೇಡ, ಜನ ನಗ್ತಾರೆ” ಎಂದೆ. ಅವನು ನಗಲಿಲ್ಲ. ಒಂದು ಭಾನುವಾರ ಬಂದವನು ಚಪ್ಪಲಿಯನ್ನೂ ಬಿಡದೆ ನಿಂತು, “ಗುಬ್ಬಿ ಚಿತ್ರದ ಖಾಲಿ ಜಾಗಾನೂ ಬರೆದಿದ್ದೇ ಕಣೇ” ಎಂದ. ಬೀರು ಸರಿಸಿ ಚಿತ್ರ ತೆಗೆದು ಗೋಡೆಗೆ ಒರಗಿಸಿದ. ಕಣ್ಣು ಅರ್ಧ ಮುಚ್ಚಿ ಎಷ್ಟೋ ಹೊತ್ತು ಕೂತ.

“ಎಂಥ ಬೆನ್ನು ಬರೆದಿತ್ತು ಮಗು! ನಾನು ಹೋಗಿ ಕಾಗೆ ಕೂರಿಸಿದ್ದೀನಲ್ಲೇ.”

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವ ಗಾದೆ ಬಾಯಿಗೆ ಬಂತು. ಅವನ ಮುಖ ನೋಡಿ ಹೇಳಲಿಲ್ಲ. ಆ ವಾರವೆಲ್ಲ ರಬ್ಬರ್ ಹಿಡಿದು ಕೂತ. ಕಾಗೆ ಹೋಯಿತು, ಸರಳು ಹೋಯಿತು, ಆದರೆ ಒತ್ತಿ ಬರೆದ ಕಡೆಯಲ್ಲೆಲ್ಲ ಗೀರು ಉಳಿಯಿತು. ಮುಖ ಅಳಿಸಹೋದಾಗ ಬೆನ್ನಿನ ಅಂಚೂ ಕಿತ್ತು ಬಂದು ಹಾಳೆ ಜೂಲು ಜೂಲಾಯಿತು.

ಗುಬ್ಬಿ ಬಂದಾಗ ಅದು ಮೇಜಿನ ಮೇಲೇ ಇತ್ತು. ಅವಳು ನನ್ನ ಕಡೆ ನೋಡಿದಳು. ನಾನು ಹೇಳಿಲ್ಲ ಎಂದು ತಲೆಯಾಡಿಸಿದೆ.

“ಸೀಟು ತಪ್ಪಿದ್ದು ಇದರಿಂದಾನಾ?” ಅಣ್ಣ ಕೇಳಿದ.

“ಹೂಂ.”

“ನನ್ನ ಮುಖಕ್ಕೆ ಉಗಿದು ಹೇಳೋದಲ್ವೇನೇ?”

“ಹೇಳಿದ್ರೆ ನೀನು ಜನ್ಮದಲ್ಲಿ ಪೆನ್ಸಿಲ್ ಮುಟ್ತಿರ್ಲಿಲ್ಲಪ್ಪ.”

“ನೀನು ಮುಟ್ಟಿದ್ಯಾ?”

ಅಣ್ಣ ಎದ್ದು ಹೊಸ ಹಾಳೆ ತಂದು ಅವಳ ಮುಂದಿಟ್ಟ. “ಅತ್ತೇನ ಇನ್ನೊಂದ್ಸಲ ಬರಿ ಗುಬ್ಬಿ.” ಯಾರೂ ಕರೆಯದೆ ನಾನೇ ಹೋಗಿ ಮಷಿನ್ ಮುಂದೆ ಕೂತೆ. “ಈಗ ಸುಲಭ, ಕುಂಬಳಕಾಯಿ ಇನ್ನೂ ಬಾಗಿದೆ” ಎಂದೆ. ಗುಬ್ಬಿ ಸ್ವಲ್ಪ ನಕ್ಕಳು, ಕಣ್ಣು ಅರ್ಧ ಮುಚ್ಚಿದಳು. ಓರೆಗಣ್ಣಿನಲ್ಲಿ ನೋಡಿದರೆ ಅಣ್ಣ ಎರಡೂ ಕೈಗಳನ್ನು ತೊಡೆಯಡಿಗೆ ತೂರಿಸಿ, ಅವುಗಳ ಮೇಲೆ ಭಾರ ಹಾಕಿ ಕೂತಿದ್ದ.

ಪೆನ್ಸಿಲ್ ಒಂದಿಷ್ಟು ದೂರ ಹೋಗಿ ನಿಂತಿತು. ಮತ್ತೆ ಹೋಯಿತು, ಮತ್ತೆ ನಿಂತಿತು. ಅವಳು ಅದನ್ನು ಮೇಜಿನ ಮೇಲಿಟ್ಟಳು.

“ಬರ್ತಿಲ್ಲಪ್ಪ. ಕೈಗೆ ಮರೆತೇ ಹೋಗಿದೆ.”

ಅಳಲಿಲ್ಲ, ಸಿಟ್ಟೂ ಇರಲಿಲ್ಲ. ಕೈ ತೊಳೆದು, ಡ್ಯೂಟಿಗೆ ಹೊತ್ತಾಯಿತು ಎಂದು ಚಪ್ಪಲಿ ಮೆಟ್ಟಿ ಹೊರಟಳು. ನಾನು ಎದ್ದು ಬಂದು ಆ ಗೆರೆಯನ್ನು ಕಣ್ಣು ತೆರೆದು ನೋಡಿದೆ, ಅರ್ಧ ಮುಚ್ಚಿಯೂ ನೋಡಿದೆ. ಅದು ನನ್ನ ಬೆನ್ನಾಗಿರಲಿಲ್ಲ, ಯಾರ ಬೆನ್ನೂ ಆಗಿರಲಿಲ್ಲ. ಪೆನ್ಸಿಲ್ ಅಣ್ಣನ ಮುಂದೆಯೇ ಇತ್ತು, ಅವನ ಕೈ ಇನ್ನೂ ತೊಡೆಯಡಿಯಲ್ಲೇ ಇತ್ತು. ಅವನು ಅದನ್ನು ತಿದ್ದಲಿಲ್ಲ.